ಬಾಕಿ

ಮೂವತ್ತೆಂಟು ವರ್ಷ
ನಡುಬೆರಳಿಗಿ ಹಿತ್ತಾಳಿ ಅಂಗುಸ್ತಾನ ಹಾಕ್ಕೊಂಡು ಕುಂತೀನಿ,
ಸೂಜಿ ಚುಚ್ಚಬಾರದಂತ.
ಈಗ ದಿನಾ ನಸುಕಿನ್ಯಾಗ ಅದನ್ನ ತಗದಿಟ್ಟು
ಬೆರಳಿನ ತುದಿಗಲ್ಲ, ಜರಾ ಬಾಜೂಕ,
ನಾನೇ ಚುಚ್ಕೋತೀನಿ
ದಾರ ಇಲ್ಲದ ಸೂಜಿ.

ಒಂದು ಹನಿ, ಸಾಸವಿ ಕಾಳಿನಷ್ಟು.
ಪಟ್ಟಿ ಅದನ್ನ ಹೀರಿ
ಐದೆಣಿಸೂದ್ರಾಗ ಅಂಕಿ ಹೇಳ್ತದ:
ನೂರಾ ನಲವತ್ತೆರಡು.
ಎದಿ ಅಳತಿ ಅಲ್ಲ, ಸೊಂಟದ್ದೂ ಅಲ್ಲ.
ಆದ್ರೂ ಬರಿಯೂದು ಗಿರಾಕಿ ಬುಕ್ಕಿನ್ಯಾಗೇ,
ಕಡೀ ಹಾಳಿಯಿಂದ ಹಿಂದಕ್ಕ:
ಪುಂಡಲೀಕ, ಬ್ರಹ್ಮಪುರ. ಬಾಕಿ.

ಏಳು ಫೂಟು ಉದ್ದ, ಐದು ಅಗಲ ನನ್ನ ಅಂಗಡಿ.
ಕೆಳಗ ಶಹಾಬಾದ ಫರಸಿ.
ಬರಿಗಾಲಿಲೆ ಪೆಡಲ್ ತುಳಿಯೂದು ಅಪ್ಪನ ರೂಢಿ.
ಚಪ್ಪಲಿ ಹಾಕಿ ತುಳಿದ್ರ
ಹೊಲಿಗಿ ಮುನಿಸ್ಕೋತದ ಅಂತಿದ್ದ.

ಹೋದ ರಮ್ಜಾನ್ ಗಡಿಬಿಡಿ.
ಹನ್ನೊಂದು ಕುರ್ತಾ, ನಾಕು ಶೇರವಾನಿ.
ಕುಂತಲ್ಲೇ ಚಾ, ಕುಂತಲ್ಲೇ ಖಾರಿ,
ಗುಳಿಗಿ ಕಿಸೇದಾಗೇ ಉಳೀತು.
ಮುಂಜಾನಿ ಕಾಜ ಹಾಕೋ ಹುಡುಗ ಮೈನೊದ್ದೀನ
ಕಸ ಹೊಡೀಲಿಕ್ಕ ಬಗ್ಗಿದವ ಅಂದ:
"ಮಾಸ್ತರ, ನಿಮ್ಮ ಕಾಲಿಗಿ ದಾರ ಹತ್ಯಾದ."

ಕೆಂಪು ದಾರ, ಗೇಣುದ್ದ.
ಎಳದ್ರ ಬರಲಿಲ್ಲ.
ಆ ಕೊನಿಗಿ ಸೂಜಿ ಇತ್ತು,
ಸೂಜಿ ಪೂರಾ ಅಂಗಾಲಿನೊಳಗಿತ್ತು.
ರಾತ್ರಿ ಹೊಕ್ಕಿತ್ತೋ, ನಸುಕಿನ್ಯಾಗೋ.
ಅದನ್ನೇ ತುಳ್ಕೋತ ಕಾಯಿಪಲ್ಯ ಮಾರ್ಕೆಟ್ಟಿಗಿ ಹೋಗಿ
ಪುಂಡಿಸೊಪ್ಪು ಚೌಕಾಶಿ ಮಾಡಿ ತಂದೀನಿ
ಹಿಂದೊಂದು ಕೆಂಪು ಬಾಲ ಎಳ್ಕೋತ.

ಸೂಜಿಗಿ ಜಿಂದಗಿ ಪೂರಾ ಅಂಜಿದವ
ಅವತ್ತು, ಮೊದಲ ಸಲ,
ನೋವಾಗಲಿಲ್ಲಂತ ಅಂಜಿದೆ.

ದವಾಖಾನಿಯಾಗ ಡಾಕ್ಟರಬಾಯಿ
ಒಂದು ನೈಲಾನ್ ಎಳಿ ಹಿಡಕೊಂಡು
"ಕಣ್ಣು ಮುಚ್ರಿ, ಎಲ್ಲಿ ಮುಟ್ಟೀನಿ ಹೇಳ್ರಿ" ಅಂದ್ಲು.
ಕೈಯಾಗ ಕೊಟ್ಟಿದ್ರ ಆ ಎಳಿ ಯಾವ ನಂಬರಿಂದು ಅಂತ ಹೇಳ್ತಿದ್ದೆ.
ಕಾಲಿಗಿ ಹತ್ತು ಸಲ ಮುಟ್ಟಿದ್ಲು,
ನಾಕೇ ಹೇಳ್ದೆ.
ಅದರಾಗ ಒಂದು ಅಂದಾಜು.

ಈಗ ಅಂಗಡಿಯಾಗೂ ಚಪ್ಪಲಿ, ಮೆತ್ತಗಿಂದು.
ಹಾಕ್ಕೊಳ್ಳೂಕಿಂತ ಮೊದಲು ಜಾಡಸ್ತೀನಿ,
ಹೋದ ವಾರ ಎರಡು ಗುಂಡಿ ಬಿದ್ದವು, ಒಂದು ಟಾಚಣಿ.
ಹೊಲಿಗಿ ಮುನಿಸ್ಕೊಂಡಿಲ್ಲ ಇನ್ನಾ.

ರುಕ್ಮಾಬಾಯಿ ಎರಡು ರೊಟ್ಟಿ ಬಡೀತಾಳ.
ಮೂರನೇದಕ್ಕ ಕೈ ಹೋದ್ರ
ಅಲ್ಲಿ ಪಲ್ಯ ಬಂದು ಕುಂತಿರ್ತದ.
ಜಗಳ ಮಾಡೀನಿ, ಸುಳ್ಳ್ಯಾಕ ಹೇಳ್ಲಿ.
ಶೀರ್ ಖುರ್ಮಾ ತಂದವರ ಮುಂದ
ಎರಡು ಚಮಚ, ಅಷ್ಟೇ ಅಂತೀನಿ,
ಮೂರು ತಿಂತೀನಿ,
ಬುಕ್ಕಿನ್ಯಾಗ ಮೂರೇ ಬರೀತೀನಿ.

ಒಮ್ಮೆ ಊಟ ತಡ ಆತು.
ಕಟಿಂಗ್ ಟೇಬಲ್ ಮ್ಯಾಲ ಖಡುವಿನ ಗೆರಿ
ತಾನೇ ಸೊಟ್ಟ ಹೋತು,
ಕೈ ನಡಗಿ, ಬೆವರಿ.
ಮೈನೊದ್ದೀನ ಓಡಿ ಸಕ್ರಿ ನೀರು ತಂದ.
ಅಂದಿನಿಂದ ಗುಂಡಿ ಡಬ್ಬಿಯಾಗ
ನಾಕು ಪೆಪ್ಪರಮೆಂಟು ಅವ. ಅವನೇ ಎಣಿಸ್ತಾನ,
ತಿಂದವ ಯಾರಂತ ನನ್ನೇ ಕೇಳ್ತಾನ.

ರಾತ್ರಿ ಶಟರ್ ಇಳಿಸಿ
ಮೊಳಕೈ ಅದ್ದಿ ನೋಡಿದ ಉಗುರುಬೆಚ್ಚನ ನೀರು.
ಬೆರಳಿನ ಸಂದಿ ಒರಸ್ತೀನಿ
ಕಾಲರಿನ ಮೂಲಿ ತಿರುವಿದಂಗ, ಸಾವಕಾಶ.
ಆಮ್ಯಾಲ ಟ್ರಯಲ್ ಪರದೆ ಹಿಂದಿನ ಕನ್ನಡಿ ಇಳಿಸಿ
ಫರಸಿ ಮ್ಯಾಲ ಇಡ್ತೀನಿ.
ಅರ್ಧ ಊರು ತನ್ನ ಬೆನ್ನು ನೋಡ್ಕೊಂಡ ಕನ್ನಡಿ.
ಅದರಾಗ ನನ್ನ ಅಂಗಾಲು:
ಸೀಳಿಲ್ಲ, ಕೆಂಪಿಲ್ಲ, ಬೊಬ್ಬಿಲ್ಲ.
ನೋವು ಹೇಳೂದು ಬಿಟ್ಟದ,
ಅದಕ್ಕ ಕಣ್ಣಿಲೆ ಕೇಳ್ಬೇಕು.

ನಿನ್ನೆ ಒಬ್ಬ ಲಾರಿ ಡ್ರೈವರ್ ಪ್ಯಾಂಟಿಗಿ ಬಂದಿದ್ದ.
ಉದ್ದ ಅಳೀಲಿಕ್ಕ ಮೊಣಕಾಲೂರಿ ಕುಂತೆ.
ಹೆಬ್ಬೆರಳಿನ ಬಾಜೂಕ ಕರ್ರಗ,
ನಾಕಾಣೆಯಷ್ಟು ಅಗಲ.
"ಅಣ್ಣಾ, ಇದು ಯಾವಾಗಿಂದು?" ಅಂದೆ.

"ಯಾವುದು?" ಅಂದ.

ಟೇಪು ಕೆಳಗಿಟ್ಟೆ.
ಕನ್ನಡಿ ತರ್ಲಿಕ್ಕ ಎದ್ದೆ.